ಮುಚ್ಚಳದ ಮೇಲಿನ ಹೆಸರು

ವೀರಮ್ಮನ ಸಾಮಾನಿಗೆ ಮೊದಲು ಒಂದು ಗೂಡಿತ್ತು. ಮೊಳಕಾಲ್ಮೂರಿನ ಆ ಮಗ್ಗದ ಮನೆಯ ಒಳಗೋಡೆಯಲ್ಲಿ ಅವಳ ಅಪ್ಪ ಬಿಡಿಸಿದ್ದ ಗೂಡು. ಅಣ್ಣ ತಿಪ್ಪೇರುದ್ರಪ್ಪನಿಗೆ ಮದುವೆಯಾಗಿ ರಾಯದುರ್ಗದಿಂದ ಅತ್ತಿಗೆ ಮಂಜುಳಮ್ಮ ಬಂದಾಗ ಗೂಡಿಗೆ ಅತ್ತಿಗೆಯ ಕುಂಕುಮದ ಭರಣಿ, ಕನ್ನಡಿ ಬಂದವು. ವೀರಮ್ಮನ ಸಾಮಾನು ಮೇಲಿನ ಹಲಗೆಗೆ ಹತ್ತಿತು. ಅಣ್ಣನ ಮಗ ಮಾರುತೇಶ ಸ್ಕೂಲಿಗೆ ಸೇರಿದಾಗ ಹಲಗೆಗೆ ಅವನ ಪುಸ್ತಕಗಳು ಹತ್ತಿದವು. ವೀರಮ್ಮನ ಸಾಮಾನು ಚೀಲಕ್ಕಿಳಿದು ಗೋಡೆಯ ಮೊಳೆಗೆ ತೂಗುಬಿತ್ತು. ತೊಂಬತ್ತೆಂಟರ ಬೇಸಿಗೆಯಲ್ಲಿ ಅದೇ ಮಾರುತೇಶನ ಮದುವೆಯಾಗಿ, ಹೆಂಡತಿ ಜ್ಯೋತಿಲಕ್ಷ್ಮಿಯ ಜೊತೆ ಅವಳ ತವರಿನವರು ಕೊಟ್ಟ ಕಬ್ಬಿಣದ ಬೀರು ಬಂತು. ಬೀರು ನಿಲ್ಲಿಸಲು ಮನೆಯಲ್ಲಿ ಒಂದೇ ಗೋಡೆ ಖಾಲಿಯಿತ್ತು, ಚೀಲದ ಮೊಳೆ ಇದ್ದ ಗೋಡೆ. ಮೊಳೆ ಕಿತ್ತರು. ಚೀಲವನ್ನು ಯಾರು ಎಲ್ಲಿಟ್ಟರೆಂದು ಆಮೇಲೆ ಯಾರಿಗೂ ನೆನಪಾಗಲಿಲ್ಲ. ಕೊನೆಗೆ ಅದು ಹಿತ್ತಲಿನ ಸೌದೆಯ ಮೇಲೆ ಸಿಕ್ಕಿತು. ಇಲಿಯೊಂದು ಒಂದು ಮೂಲೆಯನ್ನು ಆಗಲೇ ತೆರೆದು ನೋಡಿತ್ತು.

ಆ ಮನೆಯಲ್ಲಿ ಯಾರೂ ಕೆಟ್ಟವರಿರಲಿಲ್ಲ. ಜಾಗ ಇರಲಿಲ್ಲ, ಅಷ್ಟೆ. ವೀರಮ್ಮನ ಮದುವೆಯ ವಿಷಯದಲ್ಲೂ ಯಾರೂ ಬೇಡ ಅಂದಿರಲಿಲ್ಲ. ಮುಂದಿನ ವರ್ಷ ಅಂದಿದ್ದರು. ಅಪ್ಪ ಸತ್ತ ಮೇಲೆ ಎರಡನೇ ಮಗ್ಗಕ್ಕೆ ಕೈ ಬೇಕಾಗಿತ್ತು, ಮಾರುತೇಶ ದೊಡ್ಡವನಾಗುವವರೆಗೆ ಅಂತ ಒಂದು ಮಾತಾಯಿತು. ಮುಂದಿನ ವರ್ಷಗಳು ಒಂದರ ಹಿಂದೆ ಒಂದು ಬಂದು ಹೋಗಿ ವೀರಮ್ಮನಿಗೆ ನಲವತ್ತು ದಾಟಿತು. ಅವಳು ನೇಯ್ದ ರೇಷ್ಮೆ ಸೀರೆಗಳನ್ನು ಉಟ್ಟು ಎಷ್ಟೋ ಊರಿನ ಹುಡುಗಿಯರು ಹಸೆಮಣೆ ಹತ್ತಿದ್ದರು. ಅವಳ ಚೀಲದಲ್ಲಿದ್ದವು ಹತ್ತಿಯ ವಾಯಿಲ್ ಸೀರೆಗಳು.

ಸೌದೆಯ ಮೇಲಿಂದ ಚೀಲ ತಂದ ದಿನ ವೀರಮ್ಮ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ಲಾಳಿ ಎಸೆಯುತ್ತ ಒಂದು ತೀರ್ಮಾನಕ್ಕೆ ಬಂದಳು. ತನಗೊಂದು ಪೆಟ್ಟಿಗೆ ಬೇಕು. ಬೀಗ ಇರುವಂಥದು, ಯಾರಾದರೂ ಎತ್ತಿ ಇನ್ನೆಲ್ಲೋ ಇಡಬೇಕೆಂದರೆ ಒಂದು ಸಲ ಯೋಚಿಸುವಷ್ಟು ತೂಕ ಇರುವಂಥದು. ನೆರೆಮನೆಯ ಮಗ್ಗಕ್ಕೆ ಲಾಳಿಯ ಕಂಡಿಕೆಗಳಿಗೆ ನೂಲು ಸುತ್ತಿಕೊಟ್ಟು ಕೂಡಿಸಿದ ದುಡ್ಡಿತ್ತು. ಪೆಟ್ಟಿಗೆ ಮೊಳಕಾಲ್ಮೂರಿನಲ್ಲೂ ಸಿಗುತ್ತಿತ್ತು. ಆದರೆ ಅಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚುವಷ್ಟರಲ್ಲಿ ಸುದ್ದಿ ಅಣ್ಣನ ಕಿವಿಗೆ ಬಿದ್ದಿರುತ್ತಿತ್ತು. ಕಣ್ಣಿಗೆ ಜರಿ ಎಳೆ ಎರಡೆರಡು ಕಾಣುತ್ತೆ, ಚಳ್ಳಕೆರೆಗೆ ಹೋಗಿ ಕನ್ನಡಕ ತರ್ತೀನಿ ಅಂದಳು. ಅದೂ ನಿಜವೇ ಆಗಿತ್ತು. ಮನೆಯವರು ತಕ್ಷಣ ಒಪ್ಪಿದರು; ಜರಿ ಎಳೆ ಎರಡಾಗಿ ಕಂಡರೆ ನಷ್ಟ ಮನೆಗೆ.

ಚಳ್ಳಕೆರೆಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬುಡೇನ್ ಸಾಬರ ಟ್ರಂಕಿನ ಅಂಗಡಿ. ಗಿರಣಿಗಳ ಕಡಲೆಕಾಯೆಣ್ಣೆಯ ವಾಸನೆ ಆ ಬೀದಿಯವರ ಬಟ್ಟೆಗೂ ಮಾತಿಗೂ ಹತ್ತಿಕೊಂಡಿತ್ತು. ಅಂಗಡಿಯ ಮುಂದೆ ಸಾಬರು ತಗಡು ಬಡಿಯುತ್ತಿದ್ದರು. ಮಗ ಅಫ್ಜಲ್, ಎರಡು ಮಕ್ಕಳ ತಂದೆ, ಕುಂಚ ಹಿಡಿದು ಮುಚ್ಚಳಗಳ ಮೇಲೆ ಗುಲಾಬಿ ಬಿಡಿಸುತ್ತಿದ್ದ. ಒಳಗೆ ಸಾಬರ ಹೆಂಡತಿ ಚಮನ್ ಬೀ ಪೆಟ್ಟಿಗೆಯೊಂದರ ಹೊಟ್ಟೆಗೆ ತಲೆ ತೂರಿಸಿ ಹೂವಿನ ಕಾಗದ ಅಂಟಿಸುತ್ತಿದ್ದಳು.

"ಯಾರ ಮದುವೇನಮ್ಮ?" ಬುಡೇನ್ ಸಾಬರು ಸುತ್ತಿಗೆ ನಿಲ್ಲಿಸದೆ ಕೇಳಿದರು.

ಟ್ರಂಕು ಕೊಳ್ಳುವವರಲ್ಲಿ ಅವರ ಪ್ರಕಾರ ಎರಡೇ ಜಾತಿ. ಒಂದು ಹಾಸ್ಟೆಲ್ಲಿನದು, ಇನ್ನೊಂದು ಮದುವೆಯದು. ಹಾಸ್ಟೆಲ್ಲಿಗೆ ಹಸಿರು ಬಣ್ಣ, ಮದುವೆಗೆ ಕೆಂಪು. ಈಕೆ ಯಾವ ಹಾಸ್ಟೆಲ್ಲಿಗೂ ಹೊರಟವಳ ಹಾಗೆ ಕಾಣಲಿಲ್ಲ.

"ಮದುವೇಗೇ ಅಂತೇನಲ್ಲ ಸಾಬ್ರೆ. ಸಾಮಾನು ಇಡಾಕೆ."

"ಎಲ್ಲಾರೂ ಸಾಮಾನು ಇಡಾಕೇ ತಗೊಳ್ಳೋದು. ಏನೇನು ಇಡ್ತೀರಿ ಹೇಳ್ರಿ, ಅದರ ಮ್ಯಾಲೆ ಸೈಜು."

ವೀರಮ್ಮ ಮನಸ್ಸಿನಲ್ಲೇ ಚೀಲವನ್ನು ಬಿಚ್ಚಿ ಪೆಟ್ಟಿಗೆಗೆ ತುಂಬಿ ನೋಡಿದಳು. ಒಂದರೊಳಗೊಂದು ಕೂರಿಸಿಟ್ಟ ಪೆಟ್ಟಿಗೆಗಳಲ್ಲಿ ಎಲ್ಲಕ್ಕಿಂತ ಒಳಗಿನದು, ಕಂದಾಯದ ಗುಮಾಸ್ತರು ಕಂಕುಳಲ್ಲಿಟ್ಟುಕೊಂಡು ಹೋಗುವಂಥದು, ಅದರಲ್ಲೂ ಜಾಗ ಮಿಗುತ್ತಿತ್ತು. ಅದನ್ನು ಹೇಳಲು ಬಾಯಿ ಬರಲಿಲ್ಲ.

"ಬಟ್ಟೆ," ಅಂದಳು. "ಇನ್ನೂ ಬರೋವು ಇದಾವೆ."

"ಬರೋವು ಇದಾವೆ ಅಂದ್ಮೇಲೆ ಮದುವೇನೇ ಆಯ್ತಲ್ಲ. ಹೇಳಾಕೆ ಯಾಕೆ ನಾಚಿಕೆ." ಸಾಬರು ಎದ್ದು ಬಂದು ಒಂದು ದೊಡ್ಡ ಪೆಟ್ಟಿಗೆಯ ಬೆನ್ನಿಗೆ ಗೆಣ್ಣಿನಿಂದ ಕುಟ್ಟಿದರು. "ಈ ಸದ್ದು ಕೇಳ್ರಿ. ಇದು ಶೀಟು. ಈಗ ಇದನ್ನ ಕೇಳ್ರಿ. ಇದಕ್ಕೆ ತಳ ಎಣ್ಣೆ ಡಬ್ಬದ್ದು. ಸುಳ್ಳು ಯಾಕೆ ಹೇಳ್ಲಿ, ಬಿಸಿಲಲ್ಲಿಟ್ರೆ ಸೀರೆಗೆಲ್ಲ ವಗ್ಗರಣೆ ವಾಸನೆ ಬರ್ತೈತೆ."

"ಅದನ್ನ ಯಾರು ತಗೊಳ್ತಾರೆ?"

"ಅಳಿಯನ ಮ್ಯಾಲೆ ಸಿಟ್ಟಿರೋರು."

ಒಳಗಿನಿಂದ ಚಮನ್ ಬೀ ನಕ್ಕ ಸದ್ದು ತಗಡಿಗೆ ತಾಗಿ ದೊಡ್ಡದಾಗಿ ಬಂತು.

ವೀರಮ್ಮ ಶೀಟಿನ ಪೆಟ್ಟಿಗೆಯ ಮುಚ್ಚಳ ತೆಗೆದಳು, ಮುಚ್ಚಿದಳು, ಮತ್ತೆ ತೆಗೆದಳು. ಮುಚ್ಚಿದಾಗ ಅದು ಮಾತು ಮುಗಿಯಿತು ಅನ್ನುವ ಹಾಗೆ ಸದ್ದು ಮಾಡುತ್ತಿತ್ತು. ಅದು ಅವಳಿಗೆ ಹಿಡಿಸಿತು. ಚೌಕಾಸಿಯನ್ನು ಇಬ್ಬರೂ ಮರ್ಯಾದೆಗೆ ಬೇಕಾದಷ್ಟೇ ಮಾಡಿದರು. ಸಾಬರು ಚಿಲಕಕ್ಕೊಂದು ಬೀಗವನ್ನು ಜಡಿಯದೆ ಸುಮ್ಮನೆ ತೂಗುಹಾಕಿ ಎರಡು ಕೀಲಿಕೈ ಅವಳ ಅಂಗೈಯಲ್ಲಿಟ್ಟರು.

"ಒಂದು ಹುಡುಗಿ ಹತ್ರ ಇರ್ಲಿ, ಇನ್ನೊಂದು ಅವಳ ಅವ್ವನ ಹತ್ರ. ಹುಡುಗೀರು ಕಳೀತಾವೆ."

ಇನ್ನೊಂದನ್ನು ಯಾರಿಗೆ ಕೊಡುವುದು ಅಂತ ವೀರಮ್ಮ ಒಂದು ಗಳಿಗೆ ನಿಜವಾಗಿಯೂ ಯೋಚಿಸಿದಳು. ಅವ್ವ ತೀರಿಹೋಗಿ ಬಹಳ ಕಾಲವಾಗಿತ್ತು. ಎರಡನ್ನೂ ಸೆರಗಿನ ತುದಿಗೆ ಕಟ್ಟಿಕೊಂಡಳು.

"ಹೆಸರು ಹೇಳಕ್ಕ, ಬರೀತೀನಿ," ಅಂದ ಅಫ್ಜಲ್. "ಅಂಗಡೀದೇ ಬಣ್ಣ, ಬ್ಯಾರೆ ದುಡ್ಡಿಲ್ಲ."

ಬೇಡ ಅನ್ನಬಹುದಿತ್ತು. ಆದರೆ ಹೆಸರಿದ್ದ ವಸ್ತುವನ್ನು ಸೌದೆಯ ಮೇಲೆ ಎಸೆಯಲು ಜನ ಸ್ವಲ್ಪ ಹಿಂದೆಮುಂದೆ ನೋಡುತ್ತಾರೆ ಅನ್ನುವುದು ಅವಳ ತಲೆಗೆ ಬಂತು. "ವೀರಮ್ಮ," ಅಂದಳು.

"ವೀರಮ್ಮ? ಹುಡುಗಿಗೆ ಅಜ್ಜಿ ಹೆಸರಿಟ್ಟೀರಿ. ಒಳ್ಳೇದು, ಈಗ ಯಾರಿಡ್ತಾರೆ."

ಅವನು ಬರೆಯುವಷ್ಟರಲ್ಲಿ ಅವಳು ಕನ್ನಡಕದ ಅಂಗಡಿಗೆ ಹೋಗಿಬಂದಳು. ರೆಡಿ ನಂಬರಿನ ಕನ್ನಡಕ ಸಿಕ್ಕಿತು. ಜೊತೆಗೆ ಒಂದು ಕಪ್ಪು ಡಬ್ಬಿಯನ್ನು ಅಂಗಡಿಯವನು ಹಾಗೇ ಕೊಟ್ಟ, ಒಳಗೆ ಕೆಂಪು ಮಖಮಲ್ಲು. ಪಟ್ ಅಂತ ಮುಚ್ಚಿಕೊಳ್ಳುತ್ತಿತ್ತು. ದಾರಿಯುದ್ದಕ್ಕೂ ಅದನ್ನು ತೆಗೆದು ಮುಚ್ಚಿ ತೆಗೆದು ಮುಚ್ಚಿ ಮಾಡುತ್ತ ಬಂದಳು. ಒಂದೇ ದಿನ ಎರಡು ಮುಚ್ಚಳಗಳ ಒಡತಿಯಾಗಿದ್ದಳು.

ಅಂಗಡಿಯ ಮುಂದೆ ಕನ್ನಡಕ ಹಾಕಿಕೊಂಡು ಬಗ್ಗಿದಾಗ ಪ್ರಪಂಚ ಅಗತ್ಯಕ್ಕಿಂತ ಸ್ಪಷ್ಟವಾಗಿತ್ತು. ಕೆಂಪು ಮುಚ್ಚಳದ ಎರಡು ಕಡೆ ಎರಡು ಗುಲಾಬಿ. ನಡುವೆ, ಹಳದಿ ಬಣ್ಣದಲ್ಲಿ, ಚೆಂದದ ಗುಂಡು ಅಕ್ಷರದಲ್ಲಿ: ಚಿ|| ಸೌ|| ವೀರಮ್ಮ.

"ಇದೇನಪ್ಪ ಬರೆದಿದ್ದೀಯ?"

"ಹೆಸರಕ್ಕ."

"ಹೆಸರಿನ ಮುಂದೆ?"

"ಅದೂ ಹೆಸರೇ ಅಲ್ವಾ? ನಿಮ್ಮೋರ ಹೆಣ್ಮಕ್ಕಳ ಪೆಟ್ಟಿಗೆ ಅಂದ್ರೆ ಅಷ್ಟು ಬರೀಲೇಬೇಕು. ಗೌರಸಮುದ್ರದೋರು ಒಬ್ಬರು ಸೌ ಬಿಟ್ಟೋಯ್ತು ಅಂತ ಪೆಟ್ಟಿಗೆ ವಾಪಸ್ ತಂದು ಜಗಳ ಮಾಡಿದ್ರು. ಅವತ್ತಿಂದ ಬಿಡಲ್ಲ ನಾನು."

"ಚಿರಂಜೀವಿ ಸೌಭಾಗ್ಯವತಿ ಅಂತ ಅದು. ಲಗ್ನಪತ್ರಿಕೇಲಿ ಮದುವೆ ಹೆಣ್ಣಿಗೆ ಹಾಕೋದು."

"ಮದುವೆ ಹೆಣ್ಣಿಗೇ ತಾನೆ ಮತ್ತೆ ಇದು?"

ವೀರಮ್ಮ ಕನ್ನಡಕ ತೆಗೆದು ಡಬ್ಬಿಗೆ ಹಾಕಿದಳು. ಚಮನ್ ಬೀ ಪೆಟ್ಟಿಗೆಯ ಹೊಟ್ಟೆಯಿಂದ ತಲೆ ಹೊರಗೆ ತೆಗೆದು ಅವಳನ್ನೇ ನೋಡಿದಳು. ಕೊರಳು ನೋಡಿದಳು, ಕಾಲ್ಬೆರಳು ನೋಡಿದಳು.

"ಚುಪ್ ರೇ ಅಫ್ಜಲ್," ಅಂದಳು. ಆಮೇಲೆ ವೀರಮ್ಮನಿಗೆ, "ಪೆಟ್ಟಿಗೆ ನಿಂಗೇನಾ?"

"ಹೂಂ ಬೂಬಮ್ಮ."

ಸುತ್ತಿಗೆ ನಿಂತಿತು. ತಗಡಿನ ಬೀದಿಯಲ್ಲಿ ಒಂದು ಸುತ್ತಿಗೆ ನಿಂತರೂ ಗೊತ್ತಾಗುತ್ತದೆ. ಬುಡೇನ್ ಸಾಬರು ಮುಚ್ಚಳವನ್ನು ಹೊಸದಾಗಿ ನೋಡುವವರಂತೆ ನೋಡಿದರು. "ಅಳಿಸಿ ಕೊಡ್ತೀವಮ್ಮ. ಕೆಳಗಿನ ಕೆಂಪೂ ಏಳ್ತೈತೆ, ಮತ್ತೆ ಒಂದು ಕೋಟು ಹೊಡೀಬೇಕು. ಒಣಗಾಕೆ ನಾಳೆ ಆಗ್ತೈತೆ."

ನಾಳೆ ಮತ್ತೆ ಬರಲು ಇನ್ನೊಂದು ಜೊತೆ ಕಣ್ಣು ಕೆಡಬೇಕಿತ್ತು. "ಇರ್ಲಿ ಬಿಡಿ," ಅಂದಳು ವೀರಮ್ಮ.

"ಇರ್ಲಿ ಬಿಡು," ಚಮನ್ ಬೀ ಅಂದಳು. "ಟ್ರಂಕು ಮಾಡೋರ ಮನೆ ನಮ್ದು, ನನ್ನ ಪೆಟ್ಟಿಗೆ ಮ್ಯಾಲೆ ನನ್ನ ಹೆಸರೇ ಇಲ್ಲ. ಯಾವನೋ ಹಾಸ್ಟೆಲ್ ಹುಡುಗ ಬರೆಸಿ ತಗೊಳ್ಳಾಕೆ ಬರಲೇ ಇಲ್ಲ, ಅದನ್ನ ನಂಗೆ ಕೊಟ್ಟವ್ರೆ ನಮ್ಮ ಸಾಬ್ರು. ಈ ವಯಸ್ಸಿನಾಗೆ ನಾನು ಬಿ. ನಾಗರಾಜ, ಎಂಟನೇ ತರಗತಿ."

ಬಣ್ಣ ಹಸಿಯಿದ್ದುದರಿಂದ ಮೇಲೆ ಗೋಣಿ ಹೊದಿಸುವ ಹಾಗಿರಲಿಲ್ಲ. ಅಫ್ಜಲ್ ಪೆಟ್ಟಿಗೆಯನ್ನು ಬಸ್ಸಿನವರೆಗೆ ಹೊತ್ತು ತಂದು, ಏನೋ ಹೇಳಬೇಕೆಂದು ನಿಂತು, "ಗುಲಾಬಿ ಚೆನ್ನಾಗಿ ಬಂದಾವಕ್ಕ," ಅಂದು ಹೋದ.

ಟಾಪಿಗೆ ಹಾಕಿಸೋಣ ಅಂತ ವೀರಮ್ಮನ ಲೆಕ್ಕ. ಕಂಡಕ್ಟರ್ ಮುಚ್ಚಳ ಓದಿದ. "ಮದುವೆ ಪೆಟ್ಟಿಗೆ ಟಾಪಿಗೆ ಹಾಕ್ತಾರೇನಮ್ಮ? ಕೋಳಿಗೀಳಿ ಕೂತ್ರೆ?" ಅಂದು ಅದನ್ನು ಡ್ರೈವರ್ ಪಕ್ಕದ ಇಂಜಿನ್ನಿನ ಮೇಲೆ, ಹೆಸರು ಇಡೀ ಬಸ್ಸಿಗೆ ಕಾಣುವ ಹಾಗೆ ಕೂರಿಸಿದ. ಒಳ್ಳೆಯತನಕ್ಕೆ ಎದುರು ಹೇಳುವುದನ್ನು ವೀರಮ್ಮ ಯಾವತ್ತೂ ಕಲಿತಿರಲಿಲ್ಲ. ಮುಂದಿನ ಸೀಟಿನಲ್ಲಿ, ತನ್ನ ಹೆಸರಿನ ಎದುರಿಗೇ ಕೂತಳು.

ಪಕ್ಕದಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಹಾನಗಲ್ಲಿನ ಬೋರಕ್ಕ ಅಂತ ತಾನೇ ಹೇಳಿಕೊಂಡಳು. ಮಡಿಲಲ್ಲಿ ಹುಣಸೆಹಣ್ಣಿನ ಗಂಟು, ಬಾಯಲ್ಲಿ ಎಲೆಯಡಿಕೆ. ತಳಕು ಬರುವವರೆಗೆ ಹೇಗೋ ತಡೆದಳು.

"ಹುಡುಗಿ ನಿಮಗೇನಾಗ್ಬೇಕು?"

"ಮನೇ ಹುಡುಗಿ."

"ಎಷ್ಟು ಓದೈತೆ?"

"ಏಳನೇ ಕ್ಲಾಸು. ಮುಂದಕ್ಕೆ ಓದಿಸಲಿಲ್ಲ. ಓದೋ ಆಸೆ ಇತ್ತು."

"ಓದಿ ಏನ್ಮಾಡ್ಬೇಕು ಬಿಡ್ರಿ. ಗಂಡು ಯಾವೂರು?"

"ಇನ್ನೂ ಗೊತ್ತಾಗಿಲ್ಲ. ನೋಡ್ತಾ ಅವ್ರೆ."

ಬೋರಕ್ಕ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದಳು. "ಗಂಡು ನೋಡಾಕೆ ಮುಂಚೇನೇ ಪೆಟ್ಟಿಗೆನಾ? ಬಾಳ ಧೈರ್ಯಸ್ಥರಮ್ಮ ನೀವು. ಕೆಲಸಬೊಗಸೆ ಬರ್ತೈತಾ?"

"ಮಗ್ಗ ನೇಯ್ತಾಳೆ. ಬುಟ್ಟಾ ತೆಗೀತಾಳೆ, ಅಂಚು ಕೂಡಿಸ್ತಾಳೆ. ಸಾವ್ಕಾರ್ರು ಅವಳ ಸೀರೇನ ಬ್ಯಾರೇನೇ ಇಡ್ತಾರೆ." ವೀರಮ್ಮನಿಗೆ ಮಾತು ಸಲೀಸಾಗಿ ಬರುತ್ತಿತ್ತು. ಇಪ್ಪತ್ತು ವರ್ಷದ ಒಬ್ಬ ಹುಡುಗಿ ಇಂಜಿನ್ನಿನ ಮೇಲೆ, ಪೆಟ್ಟಿಗೆಯ ಪಕ್ಕದಲ್ಲಿ, ಕಾಲು ಮಡಚಿ ಕೂತು ಕೇಳಿಸಿಕೊಳ್ಳುತ್ತಿದ್ದ ಹಾಗಿತ್ತು. "ಜೋರು ಮಾತಿಲ್ಲ. ಕೂದಲು ಉದ್ದ ಐತೆ. ಹಾಡು ಹೇಳ್ತಾಳೆ, ಮಗ್ಗದ ಸದ್ದಿಗೆ ಯಾರಿಗೂ ಕೇಳಲ್ಲ."

"ಒಳ್ಳೇ ಹುಡುಗಿ," ಬೋರಕ್ಕ ತೀರ್ಪು ಕೊಟ್ಟಳು. "ಕಳಿಸಿಕೊಟ್ಟ ಮ್ಯಾಲೆ ನಿಮಗೆ ಬಾಳ ಬ್ಯಾಸರಾಗ್ತೈತೆ ನೋಡ್ರಿ."

"ಆಗ್ತೈತೆ," ಅಂದಳು ವೀರಮ್ಮ.

ಬಿ.ಜಿ.ಕೆರೆ ದಾಟುವಾಗ ಬಿಸಿಲು ಓರೆಯಾಗಿತ್ತು. ಇಂಜಿನ್ನಿನ ಕಾವಿಗೆ ಬಣ್ಣ ಒಣಗುತ್ತಿತ್ತು, ಅದರ ವಾಸನೆಗೆ ಹಿಂದೆ ಯಾರೋ ಕೆಮ್ಮಿದರು. ಹಾನಗಲ್ಲಿನಲ್ಲಿ ಇಳಿಯುವ ಮುಂಚೆ ಬೋರಕ್ಕ ಪೆಟ್ಟಿಗೆಯನ್ನು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡಳು. "ಹುಡುಗಿಗೆ ಒಳ್ಳೇದಾಗ್ಲಿ. ನಾನು ಹೇಳ್ದೆ ಅಂತ ಹೇಳ್ರಿ." ಹಾನಗಲ್ಲಿನಿಂದ ಮುಂದೆ ಸೀಟು ಖಾಲಿಯಿತ್ತು. ಕಿಟಕಿಯಾಚೆ ಬಂಡೆಗುಡ್ಡಗಳು ಒಂದೊಂದೇ ಹಿಂದಕ್ಕೆ ಹೋದವು. ಹೇಳಬೇಕಾದವಳಿಗೆ ಹೇಳಿಯಾಗಿತ್ತು.

ಮನೆಗೆ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ತಂದು ಹಜಾರದಲ್ಲಿ ಇಳಿಸಿದಾಗ ಎರಡು ಮಗ್ಗಗಳೂ ನಡೆಯುತ್ತಿದ್ದವು. ಮಂಜುಳಮ್ಮ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಆಶ್ಚರ್ಯವಾದಾಗ ಅವಳ ಬಾಯಿಗೆ ಇವತ್ತಿಗೂ ತವರಿನ ತೆಲುಗೇ ಬರುವುದು.

"ಎವರಿದಿ ಈ ಪೆಟ್ಟೆ?"

"ನಂದೇ ಅತ್ತಿಗೆ. ಸಾಮಾನಿಗೆ ಅಂತ ತಂದೆ."

"ಕನ್ನಡಕ?"

"ಅದೂ ತಂದೀನಿ."

ಮಂಜುಳಮ್ಮ ಮುಚ್ಚಳ ಎತ್ತಿ ಒಳಗೆ ಕೈಯಾಡಿಸಿದಳು. ಅವಳು ಕೆಟ್ಟವಳಲ್ಲ ಅಂತ ಆಗಲೇ ಹೇಳಿದ್ದೇನೆ. ಖಾಲಿ ಜಾಗ ಕಂಡರೆ ಅದಕ್ಕೊಂದು ಉಪಯೋಗ ಹುಡುಕದೆ ಇರಲಾರಳು. "ಒಳ್ಳೇದೇ ಆಯ್ತು ಕಣ್ರಿ," ಅಂತ ಗಂಡನ ಕಡೆ ತಿರುಗಿ ಅಂದಳು. "ರೇಷ್ಮೆ ನೂಲಿನ ಲಡಿಗೆ ಇಲಿ ಬೀಳ್ತಾವೆ ಅಂತಿದ್ರಲ್ಲ. ಲಡೀನೂ ಜರೀನೂ ಇದರಾಗೆ ಇಟ್ರಾಯ್ತು. ವೀರಮ್ಮನ ಚೀಲಾನೂ ಒಂದು ಮೂಲೇಲಿ ಹಿಡೀತೈತೆ."

ವೀರಮ್ಮ ಸೆರಗಿನ ಗಂಟನ್ನು ಹಿಡಿದುಕೊಂಡಳು. ಗೂಡು ಹೋದದ್ದೂ ಹಲಗೆ ಹೋದದ್ದೂ ಹೀಗೇ, ಒಂದು ಮೂಲೆಯಿಂದ ಶುರುವಾಗಿ. ಆದರೆ ಮನೆಯ ರೇಷ್ಮೆಗೆ ಜಾಗ ಕೊಡಲ್ಲ ಅನ್ನಬೇಕಾದರೆ ಬೇರೆ ಥರದ ಬಾಯಿ ಬೇಕು.

ಅಷ್ಟರಲ್ಲಿ ಜ್ಯೋತಿಲಕ್ಷ್ಮಿ ದೀಪ ಹಾಕಿದಳು. ಹೊಸ ಸೊಸೆ ಎಸ್ಸೆಸ್ಸೆಲ್ಸಿ ಪಾಸು. ಅಕ್ಷರ ಎಲ್ಲಿ ಕಂಡರೂ ಗಟ್ಟಿಯಾಗಿ ಓದುವ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ. "ಚಿ ಸೌ ವೀರಮ್ಮ," ಅಂತ ಓದಿ, ಓದಿದ್ದು ಅರ್ಥವಾಗಿ, ತುಟಿ ಕಚ್ಚಿಕೊಂಡಳು.

ಮೊದಲು ತಿಪ್ಪೇರುದ್ರಪ್ಪನ ಮಗ್ಗ ನಿಂತಿತು, ಆಮೇಲೆ ವೀರಮ್ಮನ ಬದಲಿಗೆ ಕೂತಿದ್ದ ಮಾರುತೇಶನದು.

"ಏನೇ ಇದು ವೀರಿ?"

"ಪೆಟ್ಟಿಗೆಯವರು ತಪ್ಪು ತಿಳಕೊಂಡು ಬರೆದವ್ರೆ ಅಣ್ಣ. ನಾನು ಹೆಸರಷ್ಟೇ ಹೇಳಿದ್ದು."

ತಿಪ್ಪೇರುದ್ರಪ್ಪ ಗುಂಡಿಯಿಂದ ಎದ್ದು ಬಂದು ಮುಚ್ಚಳದ ಮುಂದೆ ನಿಂತ. ಅವನಿಗೆ ಸಿಟ್ಟು ಬಂದಿರಲಿಲ್ಲ. ಅವನು ಎಷ್ಟೋ ವರ್ಷಗಳಿಂದ ಮುಂದಿನ ವರ್ಷಕ್ಕೆ ಹಾಕುತ್ತ ಬಂದಿದ್ದನ್ನು ಯಾರೋ ಹಳದಿ ಬಣ್ಣದಲ್ಲಿ ಬರೆದು ಮನೆಗೆ ಕಳಿಸಿದಂತಾಗಿತ್ತು. "ನಾಳೆ ಸೀರೆ ಒಯ್ಯಾಕೆ ಸಾವ್ಕಾರ್ರು ಬರ್ತಾರೆ," ಅಂದ. "ಇದನ್ನ ಓದಿದ್ರೆ ಏನನ್ಕೊಳ್ತಾರೆ? ತಂಗಿ ಮದುವೆ ಪೆಟ್ಟಿಗೇನ ತಂಗೀನೇ ತಂದ್ಕೊಂಡ್ಳು ಅಂತ ಊರೆಲ್ಲ ಹೇಳ್ತಾರೆ. ಮಾರುತೇಶ, ಸೀಮೆಎಣ್ಣೆ ತಗೊಂಬಾ."

ಚಿಂದಿಗೆ ಸೀಮೆಎಣ್ಣೆ ಅದ್ದಿದ್ದಾಯಿತು. ವೀರಮ್ಮ ಮೆಲ್ಲಗೆ, "ಹೆಸರು ಬಿಡಣ್ಣ, ಮುಂದಿಂದಷ್ಟೇ ಅಳಿಸು," ಅಂದಳು. ಅವನು ಬಗ್ಗಿದ. ಚಿಂದಿ ಮುಚ್ಚಳಕ್ಕೆ ಮುಟ್ಟಬೇಕು, ಮಂಜುಳಮ್ಮ ಅವನ ರಟ್ಟೆ ಹಿಡಿದಳು.

"ಏನಳಿಸ್ತೀರಿ?"

"ಈ ಸೌ."

"ಸೌಭಾಗ್ಯ ಅಂತಲ್ಲೇನ್ರಿ ಅದು? ಮುತ್ತೈದೆ ಇರೋ ಮನೇಲಿ ಸೌಭಾಗ್ಯ ಅಂತ ಬರೆದಿದ್ದನ್ನ ದೀಪ ಹಚ್ಚೋ ಹೊತ್ನಾಗೆ ಕೈಯಾರ ಒರೆಸ್ತೀರಾ? ಹೊಸ ಸೊಸೆ ಬ್ಯಾರೆ ಬಂದಾಳೆ."

"ಅದು ನಿಂದೂ ಅಲ್ಲ, ಅವಳದೂ ಅಲ್ಲ. ವೀರೀದು."

"ಯಾರದಾದ್ರೇನು, ಅಳಿಸೋ ಕೈ ನಿಮ್ದು. ನಾಳೆ ನಿಮಗೇನಾದ್ರೂ ಆದ್ರೆ?"

"ನಂಗೇನಾಗ್ತೈತೆ?"

"ಅದನ್ನ ನನ್ನ ಬಾಯಲ್ಲಿ ಹೇಳಿಸ್ತೀರಾ?"

ತಿಪ್ಪೇರುದ್ರಪ್ಪ ಚಿಂದಿಯನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದು, ಮಗನಿಗೆ ಕೊಟ್ಟ. ಮಾರುತೇಶ ಅದನ್ನು ಎರಡೇ ಬೆರಳಲ್ಲಿ ಹಿಡಿದು ಹಿತ್ತಲಿಗೆ ಎಸೆದ.

"ಹಂಗಾದ್ರೆ ಲಡಿ ತುಂಬಿ ಒಳಗೆ ತಳ್ರಿ, ಕಾಣದಿರೋ ಕಡೆ," ಅಂದ ಅಣ್ಣ.

"ಲಡಿ ಹೆಂಗಿಡ್ತೀರಿ?" ಮಂಜುಳಮ್ಮನಿಗೆ ಈಗ ಶಾಸ್ತ್ರ ಹಿಡಿದುಕೊಂಡಿತ್ತು. "ಹೆಣ್ಣಿನ ಹೆಸರಿರೋ ಮದುವೆ ಪೆಟ್ಟಿಗೆಗೆ ಏನು ಬೀಳ್ತೈತೋ ಅದು ಹೆಣ್ಣಿನ ಜೊತೇಗೆ ಹೋಗ್ಬೇಕು. ಮನೆ ರೇಷ್ಮೆ ಹಾಕಿದ್ರೆ ಮನೆ ರೇಷ್ಮೇನೇ ಕೊಟ್ಟಂಗಾಯ್ತು. ನನ್ನ ಪೆಟ್ಟಿಗೆಗೆ ನಿಮ್ಮವ್ವ ಒಂದು ಕರ್ಚೀಫ್ ಹಾಕಲಿಲ್ಲ, ಯಾಕೆ ಅನ್ಕೊಂಡ್ರಿ?"

ಎಲ್ಲಿಗೆ ಹೋಗುವ ಹೆಣ್ಣು, ಯಾರ ಜೊತೆ, ಅಂತ ಯಾರೂ ಕೇಳಲಿಲ್ಲ. ಶಾಸ್ತ್ರಕ್ಕೆ ಅಂಥ ವಿವರ ಬೇಕಾಗುವುದಿಲ್ಲ. ನಲವತ್ತು ವರ್ಷ ಸುಮ್ಮನಿದ್ದು ವೀರಮ್ಮ ಸಂಪಾದಿಸದ ಮರ್ಯಾದೆಯನ್ನು ಅಫ್ಜಲನ ಎರಡು ತಪ್ಪಕ್ಷರಗಳು ಪೆಟ್ಟಿಗೆಗೆ ತಂದುಕೊಟ್ಟವು. ಸಾವ್ಕಾರರ ಕಣ್ಣಿಗೆ ಬೀಳಬಾರದೆಂದು ಅದನ್ನು ಒಳಕೋಣೆಗೆ, ವೀರಮ್ಮ ಮಲಗುವ ಗೋಡೆಯ ಬದಿಗೆ ಒಯ್ದರು. ಜಾಗ ಸಾಲಲಿಲ್ಲ. ಮಾರುತೇಶ ಹೆಗಲು ಕೊಟ್ಟು ಬೀರುವನ್ನೇ ಒಂದು ಗೇಣು ಸರಿಸಿದ.

ಎಲ್ಲರೂ ಊಟಕ್ಕೆ ಎದ್ದ ಮೇಲೆ ವೀರಮ್ಮ ಚೀಲ ತಂದು ಬಿಚ್ಚಿದಳು. ವಾಯಿಲ್ ಸೀರೆಗಳು, ಕುಪ್ಪಸಗಳು. ಅವ್ವನ ಮರದ ಬಾಚಣಿಗೆ. ಒಂದು ಸೀರೆ ಮುಗಿದಾಗ ಉಳಿದ ಅಂಗೈಯಗಲದ ರೇಷ್ಮೆ ತುಂಡು, ಮಾವಿನಕಾಯಿ ಬುಟ್ಟಾದ್ದು. ಏಳನೇ ಕ್ಲಾಸಿನ ಗುಂಪಿನ ಫೋಟೋ. ಎಲ್ಲವನ್ನೂ ಅಗಲವಾಗಿ ಹರಡಿಟ್ಟು ನೋಡಿದಳು, ಬಿಡಿಸಿಟ್ಟು ನೋಡಿದಳು. ಹೇಗಿಟ್ಟರೂ ಚಮನ್ ಬೀ ಅಂಟಿಸಿದ ಹೂವಿನ ಕಾಗದವೇ ಹೆಚ್ಚು ಕಾಣುತ್ತಿತ್ತು. ಕೊನೆಗೆ ಎಲ್ಲವನ್ನೂ ಒಂದು ಮೂಲೆಗೆ ಒತ್ತಾಗಿ ಜೋಡಿಸಿದಳು, ಇನ್ನೂ ಬರುವವು ಇವೆ ಅನ್ನುವ ಹಾಗೆ.

ಜ್ಯೋತಿಲಕ್ಷ್ಮಿ ಬಾಗಿಲಲ್ಲಿ ನಿಂತಿದ್ದಳು. "ಅತ್ತೆ, ನನ್ನ ಬೀರು ಬಂದಿದ್ದಕ್ಕೇ ಅಲ್ವಾ ನಿಮ್ಮ ಚೀಲ ಹಿತ್ತಲಿಗೆ ಹೋಗಿದ್ದು?"

"ಬೀರು ಏನ್ಮಾಡ್ತೈತೆ ಬಿಡವ್ವ. ಅದಕ್ಕೂ ಜಾಗ ಬೇಕಲ್ಲ."

ಸೊಸೆ ಒಳಗೆ ಬಂದು ಬೀಗವನ್ನು ಮುಟ್ಟಿ ನೋಡಿದಳು. "ಕೀಲಿ ಎರಡು ಕೊಟ್ಟವ್ರಾ? ಒಂದು ಬ್ಯಾರೆಯವ್ರ ಹತ್ರ ಇಡ್ಬೇಕು ಅತ್ತೆ, ಕಳೆದೋದ್ರೆ ಕಷ್ಟ."

ವೀರಮ್ಮ ಸೆರಗಿನ ಗಂಟು ಬಿಚ್ಚಿದಳು. ಎರಡು ಕೀಲಿಕೈಗಳನ್ನೂ ಅಂಗೈಯಲ್ಲಿಟ್ಟುಕೊಂಡು ಒಂದನ್ನು ಕೊರಳ ಕರಿದಾರಕ್ಕೆ ಪೋಣಿಸಿದಳು. ಇನ್ನೊಂದನ್ನು ಹಿಡಿದು ಸೊಸೆಯ ಮುಖ ನೋಡಿದಳು. ಒಳ್ಳೆಯ ಹುಡುಗಿ, ಆದರೆ ಬಂದು ಇನ್ನೂ ಎರಡು ತಿಂಗಳು. ಆ ಕೀಲಿಯನ್ನು ಕನ್ನಡಕದ ಕಪ್ಪು ಡಬ್ಬಿಗೆ ಹಾಕಿ, ಪಟ್ ಅಂತ ಮುಚ್ಚಿ, ಡಬ್ಬಿಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಜಡಿದಳು.

"ಒಳಗೇ ಇಟ್ರೆ ಏನು ಉಪಯೋಗ ಅತ್ತೆ?"

"ಕಳೆಯಲ್ಲ," ಅಂದಳು ವೀರಮ್ಮ.

ಆಮೇಲಿನ ದಿನಗಳಲ್ಲಿ ಕನ್ನಡಕ ಅವಳ ಮೂಗಿನ ಮೇಲೇ ಇರುತ್ತಿತ್ತು. ಡಬ್ಬಿ ಪೆಟ್ಟಿಗೆಯಲ್ಲೇ ಉಳಿಯಿತು. ಕಸ ಗುಡಿಸುವಾಗ ಜ್ಯೋತಿಲಕ್ಷ್ಮಿ ಪೆಟ್ಟಿಗೆಯ ಒಂದು ತುದಿಯನ್ನು ಎತ್ತಿದರೆ ಡಬ್ಬಿ ಈ ಕಡೆಯಿಂದ ಆ ಕಡೆಗೆ ಜಾರಿ ತಗಡಿಗೆ ಬಡಿಯುತ್ತಿತ್ತು, ಅದರೊಳಗೆ ಕೀಲಿ ಬೇರೆಯಾಗಿ ಸಣ್ಣಗೆ. ಹಜಾರದಲ್ಲಿ ಮಗ್ಗದ ಸದ್ದಿನ ನಡುವೆಯೂ ವೀರಮ್ಮನಿಗೆ ಅದು ಕೇಳುತ್ತಿತ್ತು. ಲಾಳಿ ಹಿಡಿದ ಕೈಯನ್ನು ಒಂದು ಗಳಿಗೆ ನಿಲ್ಲಿಸಿ, ಪೆಟ್ಟಿಗೆಯನ್ನು ಮತ್ತೆ ಇದ್ದಲ್ಲೇ ಇಳಿಸಿದ ಸದ್ದು ಬಂದ ಮೇಲೆ ಮುಂದಿನ ಎಳೆ ಎಸೆಯುತ್ತಿದ್ದಳು.